ಹೂವಿನ ಶಿಲ್ಪ: ಕುಪ್ಪಣ್ಣ ಉದ್ಯಾನದಲ್ಲಿ ವರ್ತಕರು ಗಮನಿಸಬೇಕಾದುದೇನು?

ದಸರಾ ಮಹೋತ್ಸವದ ಸಂದರ್ಭದಲ್ಲಿ ಮೈಸೂರಿನ ಕುಪ್ಪಣ್ಣ ಉದ್ಯಾನದಲ್ಲಿ, ಅಂದರೆ ಹಿಂದಿನ ನಿಷಾದ್‌ಬಾಗ್‌ನಲ್ಲಿ, ತೋಟಗಾರಿಕೆ ಇಲಾಖೆಯ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಗಾಜಿನ ಮನೆಯಲ್ಲಿ ಹೂವಿನಿಂದಲೇ ರೂಪಿಸಿದ ಬೃಹತ್ ಪ್ರತಿಕೃತಿಯೂ ಹುಲ್ಲುಹಾಸಿನ ಮೇಲೆ ಪ್ರಾಣಿ, ಪಕ್ಷಿಗಳ ಆಕೃತಿಗಳೂ ನೋಡುಗರನ್ನು ಸೆಳೆಯುತ್ತವೆ. ಪ್ರವಾಸಿಗರಿಗೆ ಇದು ಕಣ್ಣಿಗೆ ಹಬ್ಬ. ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಇದು ಅಲ್ಪಾಯುಷಿ ಸರಕೊಂದರ ತಯಾರಿಕೆಯ ಪ್ರತ್ಯಕ್ಷ ಪಾಠ.

ಹೂವಿನ ಶಿಲ್ಪಕ್ಕೆ ಮೂರು ಅಂಗಗಳಿವೆ. ಮೊದಲನೆಯದು ಬೆಸುಗೆ ಹಾಕಿದ ಕಬ್ಬಿಣದ ಚೌಕಟ್ಟು. ಎರಡನೆಯದು ಅದರ ಮೇಲೆ ಜೋಡಿಸುವ, ನೀರು ಹೀರಿಕೊಳ್ಳುವ ಹಸಿರು ಸ್ಪಂಜು. ಮೂರನೆಯದು ಓರೆಯಾಗಿ ಕತ್ತರಿಸಿದ ತೊಟ್ಟಿನೊಡನೆ ಒತ್ತೊತ್ತಾಗಿ ಚುಚ್ಚುವ ಹೂವು. ಚೌಕಟ್ಟನ್ನು ಮರಳಿ ಬಳಸಬಹುದು. ಹೂವು ಕೆಲವೇ ದಿನಗಳಲ್ಲಿ ಬಾಡುತ್ತದೆ. ಪ್ರದರ್ಶನ ದೀರ್ಘವಾದಷ್ಟೂ ಹೂವನ್ನು ಬದಲಿಸುವ ವೆಚ್ಚ ಮತ್ತು ಕೂಲಿ ಏರುತ್ತವೆ. ಆದ್ದರಿಂದ ಮೊದಲ ದಿನದ ಖರ್ಚನ್ನಷ್ಟೇ ನೋಡಿ ದರ ನಮೂದಿಸುವವರು ನಷ್ಟಕ್ಕೆ ಗುರಿಯಾಗುವ ಸಂಭವವುಂಟು.

ಹೂವಿನ ಆಯ್ಕೆಯೂ ಗಮನಾರ್ಹ. ಮೈಸೂರು ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದ್ದರೂ ಅದು ದಿನದೊಳಗೆ ಬಾಡುವುದರಿಂದ ಈ ಕೆಲಸಕ್ಕೆ ಒದಗದು. ಗುಲಾಬಿ, ಸೇವಂತಿಗೆ ಮುಂತಾದ ಬಾಳಿಕೆಯ ಹೂಗಳೇ ಬೇಕು. ಕತ್ತರಿಸಿದ ಗುಲಾಬಿಯ ದೊಡ್ಡ ವಹಿವಾಟು ಬೆಂಗಳೂರು, ಹೊಸೂರು ಪ್ರದೇಶದಲ್ಲಿದೆ. ಮಿಗಿಲಾಗಿ, ಆಯುಧಪೂಜೆಯ ದಿನಗಳಲ್ಲಿ ಸೇವಂತಿಗೆಯ ಬೆಲೆ ಗಗನಕ್ಕೇರುತ್ತದೆ. ಶಿಲ್ಪಕ್ಕೆ ಹೂವು ಬೇಕಾಗುವುದೂ ಅದೇ ವಾರ. ಬೆಳೆಗಾರರೊಡನೆ ತಿಂಗಳುಗಳ ಮೊದಲೇ ದರ ನಿಗದಿಪಡಿಸಿಕೊಂಡು, ಗುಲಾಬಿಯನ್ನು 2ರಿಂದ 4 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಕಾಪಿಡುವ ವ್ಯವಸ್ಥೆ ಮಾಡಿಕೊಂಡವರಿಗೆ ಮಾತ್ರ ಲಾಭ ಉಳಿಯುತ್ತದೆ. ಇಲ್ಲವಾದರೆ ಮೈಸೂರಿನ ಹಬ್ಬದ ಹಣ ಹೊರ ಊರಿನ ಮಂಡಿಗಳಿಗೆ ಹರಿಯುತ್ತದೆ.

ಈ ಬೇಡಿಕೆ ದಸರಾಕ್ಕಷ್ಟೇ ಸೀಮಿತವಲ್ಲ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ 1912ರಲ್ಲಿ ಸ್ಥಾಪನೆಗೊಂಡ ಮೈಸೂರು ಉದ್ಯಾನ ಕಲಾ ಸಂಘದ ಸಹಯೋಗದಲ್ಲಿ ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯೋತ್ಸವದ ವೇಳೆ ಇಂತಹ ಪ್ರದರ್ಶನಗಳು ನಡೆಯುತ್ತವೆ. ಕಲ್ಯಾಣ ಮಂಟಪ, ಹೋಟೆಲುಗಳಿಗೂ ಹೂವಿನ ಅಲಂಕಾರ ಬೇಕು. ಬಿಡಿಭಾಗಗಳಾಗಿ ಕಳಚಿ ಸಾಗಿಸಬಹುದಾದ ಚೌಕಟ್ಟುಗಳನ್ನು ತಯಾರಿಸಿ ಬಾಡಿಗೆಗೆ ಕೊಡುವುದು ಸಣ್ಣ ಬೆಸುಗೆ ಘಟಕಗಳಿಗೆ ಪರಿಶೀಲನಾರ್ಹ ಮಾರ್ಗ.

ಉದ್ಯಾನಕ್ಕೆ ಭೇಟಿ ನೀಡುವವರು ಎರಡು ಬಾರಿ ಹೋಗುವುದು ಒಳಿತು: ಪ್ರಾರಂಭದ ದಿನ ಬೆಳಿಗ್ಗೆ ಒಮ್ಮೆ, ನಾಲ್ಕಾರು ದಿನಗಳ ತರುವಾಯ ಮತ್ತೊಮ್ಮೆ. ಶಿಲ್ಪದ ಮುಂಭಾಗದಷ್ಟೇ ಹಿಂಭಾಗವನ್ನೂ ನೋಡಬೇಕು. ಯಾವ ಹೂವು ಮೊದಲು ಬಾಡಿತು, ಯಾವುದು ಉಳಿಯಿತು, ಸ್ಪಂಜು ಎಲ್ಲಿ ಒಣಗಿತು ಎಂಬ ಮೂರು ಸಂಗತಿಗಳನ್ನು ಗುರುತು ಹಾಕಿಕೊಂಡರೆ ಮುಂದಿನ ವರ್ಷದ ದರಪಟ್ಟಿಗೆ ಬೇಕಾದ ಆಧಾರ ದೊರೆಯುತ್ತದೆ.