ಚಿತ್ರದೊಳಗಿನ ಗದ್ದಲ

ವಿಮಾನ ನಿಲ್ದಾಣದಲ್ಲಿ ಎರಡೂ ಕೈ ಮೇಲೆತ್ತಿಸಿ ತಪಾಸಿಸುವ ಯಂತ್ರದಿಂದ ದೇಹಕ್ಕೆ ಕೇಡುಂಟೇ ಎಂದು ಭಕ್ತರು ಕೇಳುವುದುಂಟು. ಇಂದಿನ ಬಹುತೇಕ ಯಂತ್ರಗಳಲ್ಲಿ ಇರುವುದು ಕ್ಷ-ಕಿರಣವಲ್ಲ, ಮಿಲಿಮೀಟರ್ ಅಲೆ. ಅದು ಬಟ್ಟೆಯನ್ನು ಹಾಯುತ್ತದೆ. ನೀರಿನಂಶವುಳ್ಳ ಚರ್ಮದ ಹೊರಪದರದಲ್ಲಿಯೇ ತಡೆದು ಹಿಂದಿರುಗುತ್ತದೆ. ಕ್ಷ-ಕಿರಣದಂತೆ ಅಣುಗಳನ್ನು ಒಡೆಯುವ ಶಕ್ತಿ ಅದಕ್ಕಿಲ್ಲ. ನಮ್ಮವರೇ ಆದ ಜಗದೀಶಚಂದ್ರ ಬೋಸರು 1890ರ ದಶಕದಲ್ಲಿಯೇ ಕಲ್ಕತ್ತೆಯಲ್ಲಿ ಸುಮಾರು 5 ಮಿಲಿಮೀಟರ್ ಉದ್ದದ ಅಲೆಗಳನ್ನು ಉತ್ಪಾದಿಸಿದ್ದರು.

ಇದಕ್ಕಿಂತಲೂ ಕಿರಿದಾದುದು ಟೆರಾಹರ್ಟ್ಸ್ ಅಲೆ. ರೋಗಪೀಡಿತ ಚರ್ಮದಲ್ಲಿ ನೀರಿನ ಪ್ರಮಾಣ ಬದಲಾಗುವುದರಿಂದ ಚರ್ಮದ ಕ್ಯಾನ್ಸರಿನ ಅಂಚನ್ನು ಇದರಿಂದ ಗುರುತಿಸಬಹುದೆಂದು ಇಂಗ್ಲೆಂಡಿನ ಕೇಂಬ್ರಿಜ್‌ನ ಸಂಶೋಧಕರು 2000ದ ದಶಕದ ಆರಂಭದಲ್ಲಿಯೇ ತೋರಿಸಿದರು. ಆದರೂ ಈ ವಿಧಾನ ಇನ್ನೂ ಬಹುಮಟ್ಟಿಗೆ ಪ್ರಯೋಗಾಲಯದಲ್ಲಿಯೇ ಉಳಿದಿದೆ. ಕಾರಣಗಳಲ್ಲೊಂದು, ಚಿತ್ರದೊಳಗಿನ ಗದ್ದಲ.

ಬೆಚ್ಚಗಿರುವ ಪ್ರತಿಯೊಂದು ವಸ್ತುವೂ, ಗೋಡೆಯೂ, ನಮ್ಮ ದೇಹವೂ, ಯಂತ್ರವೂ, ಇಂಥ ಅಲೆಗಳನ್ನು ತಾನಾಗಿಯೇ ಸೂಸುತ್ತಿರುತ್ತದೆ. ಸಂಜೆಯ ದುರ್ಗದಬೈಲಿನಲ್ಲಿ ನಿಂತು ಪಿಸುಮಾತು ಕೇಳಿದಂತೆ, ದುರ್ಬಲವಾದ ನಿಜ ಸಂಕೇತ ಅದರಲ್ಲಿ ಮುಳುಗಿ ಚಿತ್ರ ಮರಳು ಚೆಲ್ಲಿದಂತೆ ಕಾಣುತ್ತದೆ. ಪರಿಹಾರವೆಂದರೆ ಅದೇ ಮಾತನ್ನು ಮತ್ತೆ ಮತ್ತೆ ಕೇಳಿ ಸರಾಸರಿ ತೆಗೆಯುವುದು. ನಾಲ್ಕು ಸಲ ಅಳೆದರೆ ಗದ್ದಲ ಅರ್ಧಕ್ಕಿಳಿಯುತ್ತದೆ. ಹತ್ತನೆಯ ಒಂದು ಪಾಲಿಗಿಳಿಸಲು ನೂರು ಸಲ ಅಳೆಯಬೇಕು. ಅಷ್ಟು ಹೊತ್ತು ಉಸಿರಾಡುವ ಮನುಷ್ಯ ಅಲುಗದಿರಬೇಕಲ್ಲ! ಇನ್ನೊಂದು ದಾರಿ, ಪ್ರತಿ ಚುಕ್ಕೆಯನ್ನೂ ನೆರೆಯ ಚುಕ್ಕೆಗಳೊಡನೆ ಹೋಲಿಸಿ ಗಣಕದಿಂದ ನಯಗೊಳಿಸುವುದು. ಇದು ಅಗ್ಗ, ಆದರೆ ಅಪಾಯಕರ. ಅತಿಯಾಗಿ ನಯಗೊಳಿಸಿದರೆ ಗದ್ದಲದೊಡನೆ ಸಾಸಿವೆಯಷ್ಟಿದ್ದ ನಿಜವಾದ ಗಂಟೂ ಅಳಿಸಿಹೋದೀತು. ಚಿತ್ರಗಳಿಂದಲೇ ಕಲಿತ ಹೊಸ ಗಣಕವಿಧಾನಗಳು ಇಲ್ಲದ ಗಂಟನ್ನು ಬರೆದುಬಿಡುವುದೂ ಉಂಟು. ನೋಡಲು ಅಂದವಾದ ಚಿತ್ರವೇ ನಂಬತಕ್ಕ ಚಿತ್ರವೆಂದು ನಾವು ಭಾವಿಸಲಾಗದು.

ಹುಬ್ಬಳ್ಳಿ-ಧಾರವಾಡದ ರೋಗಿಗೆ ಇದರಿಂದೇನು? ಎಂಆರ್‌ಐ, ಸಿಟಿ ಚಿತ್ರಗಳಿಗೂ ಇದೇ ಲೆಕ್ಕ. ಎಂಆರ್‌ಐಯಲ್ಲಿ ಒಂದೇ ಅಳತೆಯನ್ನು ಹಲವು ಸಲ ತೆಗೆಯುವುದುಂಟು. ಹೊತ್ತು ಹಿಡಿಯುವುದಕ್ಕೆ ಅದೂ ಒಂದು ಕಾರಣ. ನಡುವೆ ಅಲುಗಿದರೆ ಆ ಶ್ರಮ ವ್ಯರ್ಥ. ಸಿಟಿಯಲ್ಲಿ ಕಿರಣ ಕಡಿಮೆ ಮಾಡಿದಷ್ಟೂ ಗದ್ದಲ ಹೆಚ್ಚು. ಆದ್ದರಿಂದ ಗದ್ದಲ ತಗ್ಗಿಸುವ ಒಳ್ಳೆಯ ವಿಧಾನ ದೊರೆತರೆ ರೋಗಿಗೆ ತಗಲುವ ಕಿರಣವೂ ಕಡಿಮೆಯಾಗುತ್ತದೆ.

ತಂಬಾಕು, ಗುಟ್ಕಾ ಜಗಿಯುವವರ ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣಿದ್ದರೆ ಸ್ಕ್ಯಾನಿನಲ್ಲಿ ಏನೂ ಇಲ್ಲವೆಂದು ಸುಮ್ಮನಿರಬಾರದು. ವಿದ್ಯಾನಗರದ ಕಿಮ್ಸ್‌ಗಾಗಲಿ ನವನಗರದ ಕ್ಯಾನ್ಸರ್ ಆಸ್ಪತ್ರೆಗಾಗಲಿ ಹೋಗಿ ತೋರಿಸಬೇಕು. ಅಲ್ಲಿ ವೈದ್ಯರು ಹುಣ್ಣಿನ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಲು ಹೇಳಿದರೆ ಹಿಂಜರಿಯದೆ ಒಪ್ಪಬೇಕು. ಅದನ್ನು ಮುಟ್ಟಿದರೆ ರೋಗ ಹರಡುತ್ತದೆಂಬುದು ಬರಿಯ ಭಯ.