ಇಶಲ್ ಗೊತ್ತಿದ್ದರೆ ಸಾಕಾ, ಸ್ವರವೂ ಬೇಕಾ?

ರಬೀಉಲ್ ಅವ್ವಲ್ ಹತ್ತಿರ ಬಂದರೆ ಮದ್ರಸಗಳಲ್ಲಿ ದಫ್‌ನ ಸದ್ದು ಶುರುವಾಗುತ್ತದೆ. ಘಟ್ಟದ ಕೆಳಗೆ ಕಕ್ಕಿಂಜೆ, ಉಜಿರೆ, ಬೆಳ್ತಂಗಡಿಯಲ್ಲಿ ಹೇಗೋ, ಘಟ್ಟದ ಮೇಲೆ ಕೊಟ್ಟಿಗೆಹಾರ, ಬಣಕಲ್, ಮೂಡಿಗೆರೆಯಲ್ಲೂ ಹಾಗೆಯೇ. ವ್ಯಾಪಾರಕ್ಕೆಂದು, ತೋಟದ ಕೆಲಸಕ್ಕೆಂದು ಚಾರ್ಮಾಡಿ ಘಾಟಿ ಹತ್ತಿ ಬಂದ ಬ್ಯಾರಿ ಮನೆಗಳು ಭಾಷೆ, ಅಡುಗೆಯ ಜೊತೆ ಹಾಡನ್ನೂ ಮೇಲಕ್ಕೆ ತಂದವು. ಆ ಹಾಡು ಈಗ ಮೊಬೈಲ್ ಸೇರಿದೆ. ಒಂದು ಲ್ಯಾಪ್‌ಟಾಪ್, ಒಂದು ಮೈಕ್, ಗೋಡೆಗೆ ಹಳೇ ಕಂಬಳಿ ಕಟ್ಟಿದ ಕೋಣೆ ಇದ್ದರೆ ಆಯಿತು, ನಅತ್ ಆಗಲಿ ಮದುವೆ ಹಾಡಾಗಲಿ ರೆಕಾರ್ಡ್ ಆಗಿ ಸಂಜೆಯೊಳಗೆ ಯೂಟ್ಯೂಬ್‌ಗೆ ಏರುತ್ತದೆ.

ಇದರ ಜೊತೆಗೇ ಒಂದು ಚರ್ಚೆಯೂ ಹುಟ್ಟಿದೆ. ಹಾಡುವವರು, ಟ್ರ್ಯಾಕ್ ಮಾಡುವವರು ಸರಿಗಮ ಕಲಿಯಬೇಕಾ? ‘ಕಿವಿ ಉಂಟಲ್ಲ, ಅದೇ ಸಾಕು’ ಎನ್ನುವವರಿದ್ದಾರೆ. ‘ಶಾಸ್ತ್ರ ಕಲಿತರೆ ಹಾಡಿನ ಜೀವವೇ ಹೋಗ್ತದೆ’ ಎನ್ನುವವರೂ ಇದ್ದಾರೆ. ‘ಕಲಿಯದೆ ಇನ್ನೆಷ್ಟು ವರ್ಷ ಬೇರೆಯವರ ಟ್ರ್ಯಾಕ್ ಮೇಲೆ ಹಾಡೋದು?’ ಎಂಬ ಪ್ರಶ್ನೆಯೂ ಇದೆ. ವಾದ್ಯ ಬಳಸಬಹುದೇ, ಬಾರದೇ ಎಂಬ ಮಸ್ಅಲ ಉಲಮಾಗಳಿಗೆ ಬಿಟ್ಟದ್ದು. ಬರೀ ಕಂಠ ಮತ್ತು ದಫ್‌ನಲ್ಲಿ ಹಾಡುವವನಿಗೂ ಈ ಪ್ರಶ್ನೆ ಇದ್ದೇ ಇದೆ.

ಶಾಸ್ತ್ರ ನಮ್ಮಲ್ಲಿ ಮೊದಲೇ ಇತ್ತು

ಸಂಗೀತಶಾಸ್ತ್ರ ಎಂದ ಕೂಡಲೇ ಅದು ಹೊರಗಿನದು ಎಂಬ ಭಾವನೆ ನಮ್ಮಲ್ಲಿದೆ. ಆದರೆ ನಮ್ಮ ಮನೆಗಳಲ್ಲೂ ಹಾಡಿಕೊಂಡು ಬಂದ ಮಾಪಿಳ್ಳ ಪಾಟ್ಟುಗಳನ್ನೇ ನೋಡಿ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ ಅವರ ಮುಹಿಯುದ್ದೀನ್ ಮಾಲೆ 1607ರದ್ದು. ಕೊಂಡೋಟ್ಟಿಯ ಮೋಯಿನ್‌ಕುಟ್ಟಿ ವೈದ್ಯರ್ (1852–1892) ತಮ್ಮ ಬದರುಲ್ ಮುನೀರ್ ಕಾವ್ಯವನ್ನು ಬರೆದದ್ದು 1872ರಲ್ಲಿ. ಈ ಪರಂಪರೆಯ ಕವಿಗಳು ಬಾಯಿಗೆ ಬಂದಂತೆ ಕಟ್ಟಿದವರಲ್ಲ. ಅವರಿಗೆ ಕಂಬಿ, ಕಝುತ್ತ್, ವಾಲ್‌ಕಂಬಿ, ವಾಲ್‌ತಲಕಂಬಿ ಎಂಬ ಪ್ರಾಸದ ಕಟ್ಟುಪಾಡುಗಳಿದ್ದವು. ಇವುಗಳಲ್ಲಿ ಕಝುತ್ತ್ ಎಂದರೆ ಸಾಲುಗಳ ಎರಡನೇ ಅಕ್ಷರ ಹೊಂದುವುದು. ಕನ್ನಡದ ಹಳೆಯ ಕವಿಗಳ ಆದಿಪ್ರಾಸವೂ ಅದೇ ಅಲ್ವಾ?

ಧಾಟಿಗೂ ಹೆಸರಿತ್ತು. ಅದೇ ಇಶಲ್. ಹಳೆಯ ಸಬೀನ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ‘ತೊಂಗಲ್’, ‘ಕೊಂಬ್’, ‘ಒಪ್ಪನ ಚಾಯಲ್’, ‘ಒಪ್ಪನ ಮುರುಕ್ಕಂ’ ಎಂದು ಇಶಲ್‌ನ ಹೆಸರು ಕೊಟ್ಟಿರುತ್ತದೆ. ಚಾಯಲ್ ನಿಧಾನದ್ದು, ಮುರುಕ್ಕಂ ಚುರುಕಿನದ್ದು. ಹಾಡುವವನಿಗೆ ಆ ಒಂದು ಪದ ಸಿಕ್ಕಿದರೆ ಹೊಸ ಹಾಡನ್ನೂ ಹಳೆ ಧಾಟಿಗೆ ಕೂರಿಸಬಹುದು. ಇದು ಶಾಸ್ತ್ರವಲ್ಲದೆ ಮತ್ತೇನು?

ಆದರೆ ಇಲ್ಲೊಂದು ತೊಡಕುಂಟು. ಪುಸ್ತಕದಲ್ಲಿರುವುದು ಇಶಲ್‌ನ ಹೆಸರು ಮಾತ್ರ, ಅದರ ಸ್ವರ ಅಲ್ಲಿಲ್ಲ. ಆ ಧಾಟಿ ಗೊತ್ತಿದ್ದವರು ತೀರಿಹೋದರೆ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ, ಹಾಡಲು ಯಾರಿಗೂ ಬರುವುದಿಲ್ಲ. ಹೆಸರು ಗೊತ್ತಿದ್ದೂ ಧಾಟಿ ಕೇಳದವನಿಗೆ ಶಾಸ್ತ್ರ ಬರೀ ಕಾಗದ. ಇನ್ನು ಧಾಟಿ ಗೊತ್ತಿದ್ದೂ ಬರೆದಿಡಲು ಬಾರದವನ ಹಾಡು ಅವನ ಜೊತೆಗೇ ಹೋಗುತ್ತದೆ.

ಮದ್ರಸದ ಪಾಠ

ಮೊದಲು ಕಿವಿಯೋ, ಮೊದಲು ನಿಯಮವೋ ಎಂಬುದಕ್ಕೆ ಉತ್ತರ ನಮ್ಮ ಮದ್ರಸದಲ್ಲೇ ಇದೆ. ಕುರ್‌ಆನ್ ಓದು ಹಾಡಲ್ಲ, ಅದರ ಸ್ಥಾನ ಬೇರೆ. ಆದರೂ ಕಲಿಸುವ ಕ್ರಮದಿಂದ ಪಾಠ ಪಡೆಯಬಹುದು. ಪುಟ್ಟ ಮಗು ಮೊದಲು ಉಸ್ತಾದರ ಬಾಯಿಂದ ಕೇಳುತ್ತದೆ, ಹಾಗೆಯೇ ಓದುತ್ತದೆ. ಸುಕೂನ್ ಇರುವ ನೂನ್‌ನ ಮುಂದೆ ‘ಬಾ’ ಬಂದರೆ ಅದು ಮೀಮ್ ಆಗುತ್ತದೆ ಎಂಬುದನ್ನು ಮಗು ಕೇಳಿಯೇ ರೂಢಿ ಮಾಡಿಕೊಂಡಿರುತ್ತದೆ. ಅದರ ಹೆಸರು ಇಖ್ಲಾಬ್ ಎಂದು ತಜ್ವೀದ್ ಪಾಠದಲ್ಲಿ ತಿಳಿಯುವುದು ಆಮೇಲೆ. ಸಹಜ ಮದ್ದ್ ಎರಡು ಹರಕತ್, ಲಾಝಿಮ್ ಮದ್ದ್ ಆರು ಎಂಬ ಲೆಕ್ಕವೂ ಆಮೇಲಿನದ್ದೇ.

ತಜ್ವೀದ್ ಕಲಿತದ್ದರಿಂದ ಯಾರ ಓದೂ ಕೆಟ್ಟಿಲ್ಲ. ಉಸ್ತಾದರು ಎದುರಿಗಿಲ್ಲದಾಗಲೂ ತಪ್ಪು ಎಲ್ಲಿದೆ ಎಂದು ತಾನೇ ಹಿಡಿಯುವ ಶಕ್ತಿ ಬಂದಿದೆ. ಹಾಗೆಂದು ಉಸ್ತಾದರಿಲ್ಲದೆ ಬರೀ ಪುಸ್ತಕ ನೋಡಿ ತಜ್ವೀದ್ ಕಲಿಯಲು ಹೊರಟವನ ಓದು ಸರಿಯಾಗುವುದೂ ಕಷ್ಟ. ಹಾಡಿಗೂ ಇದೇ ಮಾತು.

ಕಂಪ್ಯೂಟರ್‌ಗೆ ಗೊತ್ತಿಲ್ಲದ್ದು

ರೆಕಾರ್ಡಿಂಗ್ ಮಾಡುವವರಿಗಂತೂ ಒಂದಿಷ್ಟು ಶಾಸ್ತ್ರ ಬೇಕೇ ಬೇಕು. ಸಾಮಾನ್ಯವಾಗಿ ಆ್ಯಪ್ ತೆರೆದ ಕೂಡಲೇ ಅದು ನಾಲ್ಕೆಣಿಕೆಯ ಚೌಕ ಹಾಕಿ ಕೊಡುತ್ತದೆ. ಹಾಡು ಏಳೆಣಿಕೆಯದ್ದಾದರೆ? ಅಂದರೆ ಮೂರು ಮತ್ತು ನಾಲ್ಕು ಸೇರಿದ್ದು. ಕರ್ನಾಟಕ ಸಂಗೀತದಲ್ಲಿ ಅದಕ್ಕೆ ಮಿಶ್ರಛಾಪು ಎನ್ನುತ್ತಾರೆ, ಯಕ್ಷಗಾನದ ತ್ರಿವುಡೆಯೂ ಏಳರದ್ದೇ. ಎಣಿಕೆ ಗೊತ್ತಿಲ್ಲದವನು ಅದನ್ನು ನಾಲ್ಕಕ್ಕೋ ಎಂಟಕ್ಕೋ ಎಳೆದು ಕೂರಿಸುತ್ತಾನೆ. ದಫ್‌ನ ಪೆಟ್ಟು ಒಂದು ಕಡೆ, ಹಾಡಿನ ಪದ ಇನ್ನೊಂದು ಕಡೆ. ಕೇಳುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಎಣಿಕೆ ಗೊತ್ತಿದ್ದವನು ಆ್ಯಪ್‌ನ ಸೆಟ್ಟಿಂಗ್ ಬದಲಿಸಿ ಎರಡು ನಿಮಿಷದಲ್ಲಿ ಸರಿಮಾಡುತ್ತಾನೆ.

ಆಟೋಟ್ಯೂನ್‌ನ ಕಥೆಯೂ ಹೀಗೆಯೇ. ಸ್ವರ ಆಚೀಚೆ ಹೋದರೆ ನಾವು ಹೇಳಿದ ಸ್ಕೇಲ್‌ನ ಹತ್ತಿರದ ಸ್ವರಕ್ಕೆ ಅದು ಎಳೆದು ತರುತ್ತದೆ. ಸ್ಕೇಲ್ ತಪ್ಪಾಗಿ ಹಾಕಿದರೆ ಸರಿಯಾಗಿ ಹಾಡಿದ್ದನ್ನೂ ತಪ್ಪಿಗೆ ಎಳೆಯುತ್ತದೆ! ದೋಷ ಹಾಡಿದವನದ್ದಲ್ಲ, ಸಾಫ್ಟ್‌ವೇರ್‌ನದ್ದೂ ಅಲ್ಲ.

ಮಕ್ಕಳ ವಿಷಯ ಇನ್ನೂ ಮುಖ್ಯ. ದೊಡ್ಡ ಗಂಡಸರ ಕಂಠಕ್ಕೆ ಕಪ್ಪು ಒಂದರಲ್ಲಿ ಮಾಡಿದ ಟ್ರ್ಯಾಕ್ ಕೊಟ್ಟು ಹತ್ತು ವರ್ಷದ ಹುಡುಗನನ್ನು ಹಾಡಿಸಿದರೆ ಕೆಳಗೆ ಸ್ವರವೇ ಹೊರಡುವುದಿಲ್ಲ. ಅದನ್ನೇ ಮೇಲಿನ ಸ್ಥಾಯಿಯಲ್ಲಿ ಎತ್ತಿಕೊಂಡರೆ ಕಿರುಚಬೇಕಾಗುತ್ತದೆ. ಸ್ಪರ್ಧೆಗೆಂದು ವಾರಗಟ್ಟಲೆ ಹೀಗೆ ಅಭ್ಯಾಸ ಮಾಡಿಸಿದರೆ ಗಂಟಲು ಕಟ್ಟುತ್ತದೆ. ಮಗುವಿನ ಶ್ರುತಿ ಯಾವುದು ಎಂದು ಹಾರ್ಮೋನಿಯಂ ಒತ್ತಿ ನೋಡಿ ಟ್ರ್ಯಾಕ್ ಆರಿಸುವಷ್ಟು ಜ್ಞಾನ ಕಲಿಸುವವರಿಗೆ ಇರಬೇಡವೇ?

ಅಡ್ಡಿ ಎಲ್ಲಿ?

ಶಾಸ್ತ್ರ ಅಡ್ಡಿಯಾಗುವ ಜಾಗವೂ ಇದೆ. ಹಾರ್ಮೋನಿಯಂನಲ್ಲಿ ಒಂದು ಸ್ಥಾಯಿಗೆ ಹನ್ನೆರಡೇ ಮನೆ. ಅರಬ್ ಸಂಗೀತದ ರಾಸ್ತ್, ಬಯಾತಿ ಮಖಾಮ್‌ಗಳಲ್ಲಿ ಎರಡು ಮನೆಗಳ ನಡುವೆ ನಿಲ್ಲುವ ಸ್ವರಗಳಿವೆ. ನಮ್ಮ ರಾಗಗಳ ಗಮಕವೂ ಮನೆಯಿಂದ ಮನೆಗೆ ಜಾರುತ್ತಾ ಹೋಗುತ್ತದೆ. ಈ ಕಾರಣಕ್ಕೇ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು. ಹನ್ನೆರಡು ಮನೆಯ ಲೆಕ್ಕವಷ್ಟನ್ನೇ ಕಲಿತವನಿಗೆ ಅಜ್ಜಿ ಹಾಡುವ ಮದರಂಗಿ ಹಾಡಿನ ಎಳೆತ ‘ಅಪಸ್ವರ’ ಎಂದು ಕಾಣಬಹುದು. ಅದನ್ನು ತಿದ್ದಿ ನೇರ ಮಾಡಿದರೆ ಆ ಹಾಡಿನ ಬ್ಯಾರಿತನವೇ ಹೋಯಿತು. ಇಲ್ಲಿ ತಪ್ಪಿರುವುದು ಕಲಿಕೆಯಲ್ಲಿ ಅಲ್ಲ, ಅರ್ಧಕ್ಕೆ ನಿಲ್ಲಿಸಿದ್ದರಲ್ಲಿ.

ಪೂರ್ತಿ ಕಲಿತವರ ಹಾಡು ಒಣಗುತ್ತದೆ ಎಂಬುದಕ್ಕಂತೂ ಆಧಾರವಿಲ್ಲ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872–1937) ಮಿರಜ್‌ನಲ್ಲಿ ನೆಲೆಸಿದವರು. ಶ್ರುತಿಗಳ ಲೆಕ್ಕಾಚಾರದ ಅಧ್ಯಯನದಲ್ಲಿ ವಿದ್ವಾಂಸರ ಜೊತೆ ಕೂತವರು, ಕರ್ನಾಟಕ ಸಂಗೀತವನ್ನೂ ಆಸಕ್ತಿಯಿಂದ ಗಮನಿಸಿದವರು. ಅವರ ದನಿ ಕೇಳಿದ ಯಾರೂ ಅದನ್ನು ಒಣ ಎನ್ನಲಾರರು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಅದಕ್ಕೂ ಮೊದಲು, 1580ರಿಂದ 1627ರವರೆಗೆ ಬಿಜಾಪುರ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ್ ‘ಕಿತಾಬೆ ನವ್‌ರಸ್’ನಲ್ಲಿ ತನ್ನ ಹಾಡುಗಳನ್ನು ರಾಗಗಳ ಹೆಸರಿನಡಿ ಜೋಡಿಸಿಟ್ಟ.

ಇನ್ನೊಂದು ಕಡೆಯ ಉದಾಹರಣೆಯೂ ಇದೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಗೆ ಸ್ವರಲಿಪಿ ಓದಲು ಬರುವುದಿಲ್ಲ. ಜಗತ್ತೇ ಹಾಡಿದ ಧಾಟಿಗಳನ್ನು ಅವರು ಕಟ್ಟಿದರು. ಆದರೆ 1965ರ ‘ಯೆಸ್ಟರ್‌ಡೇ’ ಹಾಡಿಗೆ ತಂತಿವಾದ್ಯಗಳ ಸ್ವರ ಬರೆಯಬೇಕಾದಾಗ ಪಕ್ಕದಲ್ಲಿ ಜಾರ್ಜ್ ಮಾರ್ಟಿನ್ ಇದ್ದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ಕಲಿತ ನಿರ್ಮಾಪಕ ಅವರು. ಕಲಿಯದವನೂ ದೊಡ್ಡ ಹಾಡು ಕಟ್ಟಬಲ್ಲ, ಆದರೆ ಕಲಿತವನೊಬ್ಬ ಆ ಕೋಣೆಯಲ್ಲಿ ಬೇಕಾಗುತ್ತಾನೆ. ನಮ್ಮ ಕಂಬಳಿ ಕಟ್ಟಿದ ಕೋಣೆಗಳಲ್ಲಿ ಸದ್ಯಕ್ಕೆ ಅಂಥವರು ಕಡಿಮೆ.

ಈಗ ಮಾಡಬಹುದಾದದ್ದು

ಎಲ್ಲರೂ ವಿದ್ವಾನ್ ಆಗಬೇಕಿಲ್ಲ. ಶ್ರುತಿ ಹಿಡಿಯುವುದು, ತಾಳದ ಎಣಿಕೆ ಗುರುತಿಸುವುದು, ಹಾಡಿನ ಸ್ವರಗಳನ್ನು ಸರಿಗಮದಲ್ಲಿ ಬರೆದುಕೊಳ್ಳುವುದು, ಈ ಮೂರು ಬಂದರೆ ಹುಡುಗರ ಕೆಲಸ ಎಷ್ಟೋ ಸುಲಭವಾಗುತ್ತದೆ. ಊರಿನ ಭಜನೆಯವರು, ಯಕ್ಷಗಾನದ ಭಾಗವತರು, ಶಾಲೆಯ ಸಂಗೀತದ ಮೇಷ್ಟ್ರು, ಯಾರಲ್ಲಿ ಕೇಳಿದರೂ ಹೇಳಿಕೊಡುತ್ತಾರೆ. ನಾಚಿಕೆ ಬೇಡ.

2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದ ಮೇಲೆ ನಮ್ಮ ಭಾಷೆಗೆ, ಸಾಹಿತ್ಯಕ್ಕೆ ಒಂದು ವೇದಿಕೆ ಸಿಕ್ಕಿತು. ಪದ ಬರೆದಿಟ್ಟಂತೆ ಧಾಟಿಯನ್ನೂ ಬರೆದಿಡುವ ಕೆಲಸವನ್ನು ಮನೆಮನೆಯಲ್ಲೇ ಶುರು ಮಾಡಬಹುದು. ಮನೆಯಲ್ಲಿ ಹಳೆ ಹಾಡು ಗೊತ್ತಿರುವ ಹಿರಿಯ ಹೆಂಗಸರಿದ್ದರೆ ಅವರ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ದನಿ ಹಿಡಿದಿಡಿ. ಹೊರಗೆ ಹಾಕುವುದು ಬೇಡ ಎಂದರೆ ಹಾಕಬೇಡಿ, ಮನೆಯಲ್ಲೇ ಇರಲಿ. ಯಾವ ಹಾಡು, ಯಾವ ಇಶಲ್, ಯಾವ ಸಂದರ್ಭದ್ದು, ಎಷ್ಟೆಣಿಕೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಸ್ವರ ಬರೆಯಲು ಬರುವವರು ಅದನ್ನು ಕೇಳಿ ಆಮೇಲೆ ಬರೆಯಬಹುದು, ಆದರೆ ಹಾಡುವವರು ಇರುವಾಗಲೇ ದನಿ ಹಿಡಿದಿಡಬೇಕು.