ಲಗ್ನಪತ್ರಿಕೆಗೆ ಯಾವ ಅಚ್ಚು?

ಧನುರ್ಮಾಸ ಕಳೆದು ರಾಗಿ ಕಣದ ಕೆಲಸ ಮುಗಿಯುತ್ತಿದ್ದಂತೆ ನಮ್ಮ ಕಡೆಯ ಹಳ್ಳಿಗಳಲ್ಲಿ ಮದುವೆಯ ಮಾತು ಶುರುವಾಗುತ್ತದೆ. ಮಣ್ಣಿನ ಮಾದರಿ ತೆಗೆಯುವ ಕ್ರಮವನ್ನು ತೋರಿಸಲು ಒಂದು ಊರಿಗೆ ಹೋಗಿದ್ದಾಗ, ಗುದ್ದಲಿ ಹಿಡಿದು ನಿಂತಿದ್ದ ರೈತರೊಬ್ಬರು ಮಣ್ಣಿನ ವಿಷಯ ಬಿಟ್ಟು, “ಸಾರ್, ಮಗಳ ಲಗ್ನಪತ್ರಿಕೆ ಹಾಕಿಸಬೇಕು. ಪೇಟೆಯಲ್ಲಿ ಆಫ್‌ಸೆಟ್ ಅಂತಾರೆ, ಸ್ಕ್ರೀನ್ ಅಂತಾರೆ, ಡಿಜಿಟಲ್ ಅಂತಾರೆ. ಯಾವುದು ಹಾಕಿಸಲಿ?” ಎಂದು ಕೇಳಿದರು. ಕೃಷಿ ಪುಟದಲ್ಲಿ ಇದೇಕೆ ಎಂದು ಓದುಗರಿಗೆ ಅನ್ನಿಸಬಹುದು. ಬೀಜ, ಗೊಬ್ಬರ ಕೊಳ್ಳುವಾಗ ಎರಡು ಅಂಗಡಿ ವಿಚಾರಿಸುವ ನಾವು, ಪತ್ರಿಕೆಯ ವಿಷಯದಲ್ಲಿ ಮಾತ್ರ ಅಂಗಡಿಯವರು ತೋರಿಸಿದ್ದಕ್ಕೆ ತಲೆಯಾಡಿಸಿ ಮುಂಗಡ ಕೊಟ್ಟು ಬರುತ್ತೇವೆ. ಖರ್ಚಾಗುವುದು ಬೆಳೆ ಮಾರಿದ ಹಣವೇ ತಾನೆ?

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ, ಟ್ರೆಡಲ್ ಯಂತ್ರದಲ್ಲಿ ಹಾಳೆಯನ್ನು ಕೈಯಿಂದ ಕೊಟ್ಟು ತೆಗೆಯುವ ಅಚ್ಚೊಂದೇ ಎಲ್ಲರಿಗೂ ಗೊತ್ತಿತ್ತು. ಈಗ ಆ ಮೊಳೆಗಳು ಬಹುತೇಕ ಕಡೆ ಕರಗಿ ಹೋಗಿವೆ. ಟ್ರೆಡಲ್ ಉಳಿದಿರುವಲ್ಲಿ ಅದು ಬಿಲ್ಲು ಪುಸ್ತಕಕ್ಕೆ ನಂಬರು ಹಾಕಲು, ಕಾರ್ಡಿಗೆ ಮಡಿಕೆಯ ಗೆರೆ ಒತ್ತಲು ಬಳಕೆಯಾಗುತ್ತಿದೆ.

ಆಫ್‌ಸೆಟ್ ಎಂಬುದು ಎಣ್ಣೆ ಮತ್ತು ನೀರು ಬೆರೆಯವೆಂಬ ಗುಣದ ಮೇಲೆ ನಿಂತ ಅಚ್ಚು. ತಗಡಿನ ಪ್ಲೇಟಿನಲ್ಲಿ ಅಕ್ಷರವಿರುವ ಜಾಗ ಎಣ್ಣೆಯ ಶಾಯಿಯನ್ನು ಹಿಡಿಯುತ್ತದೆ, ಉಳಿದ ಜಾಗ ನೀರನ್ನು ಹಿಡಿದು ಶಾಯಿಯನ್ನು ದೂರವಿಡುತ್ತದೆ. ಪ್ಲೇಟಿನಿಂದ ರಬ್ಬರಿಗೆ, ರಬ್ಬರಿನಿಂದ ಕಾಗದಕ್ಕೆ ಚಿತ್ರ ಇಳಿಯುತ್ತದೆ. 1843ರಲ್ಲಿ ಮಂಗಳೂರಿನಲ್ಲಿ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ ಅಚ್ಚಾದ ಕಲ್ಲಚ್ಚಿನ ತತ್ವವೂ ಇದೇ. ಪ್ಲೇಟು ಮಾಡಿ ಯಂತ್ರ ಅಣಿಗೊಳಿಸುವ ಖರ್ಚು ನೂರು ಪತ್ರಿಕೆಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಡಿಜಿಟಲ್‌ನಲ್ಲಿ ಪ್ಲೇಟಿಲ್ಲ. ಕಂಪ್ಯೂಟರಿನಿಂದ ನೇರವಾಗಿ ಯಂತ್ರಕ್ಕೆ ಹೋಗುತ್ತದೆ, ಆದರೆ ಪ್ರತಿ ಹಾಳೆಗೂ ಬೆಲೆ ಹೆಚ್ಚು.

ಲೆಕ್ಕ ತಿಳಿಯಲು ಹೀಗೆ ಇಟ್ಟುಕೊಳ್ಳೋಣ. ಆಫ್‌ಸೆಟ್‌ಗೆ ಮೊದಲ ಖರ್ಚು 1,500 ರೂಪಾಯಿ, ಆ ಮೇಲೆ ಒಂದಕ್ಕೆ 2 ರೂಪಾಯಿ. ಡಿಜಿಟಲ್‌ಗೆ ಒಂದಕ್ಕೆ 8 ರೂಪಾಯಿ. 100 ಪತ್ರಿಕೆಗೆ ಆಫ್‌ಸೆಟ್ 1,700, ಡಿಜಿಟಲ್ 800. 250ಕ್ಕೆ ಎರಡೂ 2,000. 1,000ಕ್ಕೆ ಆಫ್‌ಸೆಟ್ 3,500, ಡಿಜಿಟಲ್ 8,000. ಇವು ನಾನು ಹಾಕಿದ ಅಂಕಿಗಳು. ನಿಮ್ಮ ಪೇಟೆಯ ದರ ಬೇರೆಯಿರುತ್ತದೆ. ಆದ್ದರಿಂದ ಅಂಗಡಿಯಲ್ಲಿ “ಒಂದಕ್ಕೆ ಎಷ್ಟು?” ಎಂದಷ್ಟೇ ಕೇಳದೆ, “300ಕ್ಕೆ ಎಷ್ಟು, 600ಕ್ಕೆ ಎಷ್ಟು?” ಎಂದು ಕೇಳಬೇಕು. ದೇವರ ಚಿತ್ರ, ವಧೂವರರ ಫೋಟೊ ಎಂದು ಹಲವು ಬಣ್ಣ ಬೇಕಾದವರು ಈ ಎರಡರಲ್ಲೇ ಒಂದನ್ನು ಆರಿಸಬೇಕು.

ನಮ್ಮ ಹಳ್ಳಿಯ ಮದುವೆಗಳಿಗೆ ಹೆಚ್ಚಾಗಿ ಒದಗುವುದು ಸ್ಕ್ರೀನ್ ಅಚ್ಚು. ಚಿತ್ತಾರ ಮೊದಲೇ ಅಚ್ಚಾಗಿ ಬಂದ ಕಾರ್ಡನ್ನು ಆರಿಸಿಕೊಂಡರೆ, ಒಳಗಿನ ಬರಹವನ್ನು ಊರಿನವರೇ ಹಾಕಿಕೊಡುತ್ತಾರೆ. ಚೌಕಟ್ಟಿಗೆ ಬಿಗಿದ ತೆಳು ಬಲೆಯ ಮೂಲಕ ಶಾಯಿಯನ್ನು ರಬ್ಬರಿನ ಪಟ್ಟಿಯಿಂದ ಎಳೆಯುವುದೇ ಇದರ ಕ್ರಮ. ಶಾಯಿ ದಪ್ಪವಾಗಿ ಕೂರುತ್ತದೆ, ಗಾಢ ಬಣ್ಣದ ಕಾಗದದ ಮೇಲೂ ಎದ್ದು ಕಾಣುತ್ತದೆ. ತಾಂಬೂಲದ ಬಟ್ಟೆ ಚೀಲಕ್ಕೂ ಇದೇ ಆಗುತ್ತದೆ. ಆದರೆ ಪ್ರತಿ ಬಣ್ಣಕ್ಕೂ ಬೇರೆ ಚೌಕಟ್ಟು ಬೇಕು. ಅಕ್ಷರ ಸಣ್ಣದಾದರೆ ಒತ್ತಕ್ಷರಗಳ ಹೊಟ್ಟೆಯಲ್ಲಿ ಶಾಯಿ ತುಂಬಿಕೊಳ್ಳುತ್ತದೆ. ಇಂಗ್ಲಿಷಿಗೆ ಸಾಕಾಗುವ ಅಳತೆ ಕನ್ನಡಕ್ಕೆ ಸಾಲದು.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ನನ್ನ ತಂಗಿಯ ಮದುವೆಗೆ ಕೆನೆ ಬಣ್ಣದ ಕಾರ್ಡಿನ ಮೇಲೆ ಚಿನ್ನದ ಶಾಯಿಯಲ್ಲಿ ಅಚ್ಚು ಹಾಕಿಸಿದ್ದೆ. ಅಂಗಡಿಯ ದೀಪದಡಿ ಫಳಫಳ ಹೊಳೆಯುತ್ತಿತ್ತು. ಅಜ್ಜಿಯ ತವರಿನವರು ತಮ್ಮ ಮನೆಯ ಮಂದ ಬೆಳಕಿನಲ್ಲಿ ೧೬ನೇ ತಾರೀಖನ್ನು ೧೭ ಎಂದು ಓದಿಕೊಂಡರು. ಚಪ್ಪರ ಬಿಚ್ಚುತ್ತಿದ್ದಾಗ ಎರಡು ಜೀಪಿನಲ್ಲಿ ಬಂದಿಳಿದರು. ಅಜ್ಜಿ ಅಂದು ಅತ್ತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಆ ಮುನಿಸು ತಿಳಿಯಾಗಲು ಎರಡು ವರ್ಷ ಹಿಡಿಯಿತು. ತಪ್ಪು ಅಚ್ಚಿನದಲ್ಲ, ನನ್ನ ಆಯ್ಕೆಯದು. ತಿಳಿ ಕಾಗದಕ್ಕೆ ಕಡು ಕೆಂಪು ಇಲ್ಲವೇ ಕಡು ನೀಲಿ ಶಾಯಿ ಹಾಕಿಸಿ. ತಾರೀಖು, ವಾರ, ಮುಹೂರ್ತದ ಸಮಯ ದೊಡ್ಡಕ್ಷರದಲ್ಲಿರಲಿ. ಚಿನ್ನದ ಬಣ್ಣವನ್ನು ಗಣಪತಿಯ ಚಿತ್ರಕ್ಕೆ ಬಿಟ್ಟುಕೊಡಿ.

ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ನಾವು ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚುವವರು. ಮನೆಯ ಕಂಪ್ಯೂಟರಿಗೆ ಜೋಡಿಸುವ ಇಂಕ್‌ಜೆಟ್ ಯಂತ್ರಗಳಲ್ಲಿ ಅನೇಕವು ಬಳಸುವ ನೀರಿನ ಶಾಯಿಗೆ ಒದ್ದೆ ಅರಿಶಿನ ತಗುಲಿದರೆ ಅಕ್ಷರ ಹರಡುತ್ತದೆ. ಲೇಸರ್ ಯಂತ್ರದ ಪುಡಿ ಶಾಯಿ ನೀರಿಗೆ ಹೆದರುವುದಿಲ್ಲ, ಆದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ ಮತ್ತು ತರಿತರಿ ಕಾಗದದ ಮೇಲೆ ಸರಿಯಾಗಿ ಕೂರುವುದಿಲ್ಲ. ಪ್ಲಾಸ್ಟಿಕ್ ಹೊದಿಕೆಯ ನುಣುಪು ಕಾರ್ಡಿನ ಮೇಲೆ ಅರಿಶಿನವೇ ನಿಲ್ಲದು. ಒಂದು ಮಾದರಿ ಕಾರ್ಡು ಕೇಳಿ ಪಡೆದು ಮನೆಯಲ್ಲಿ ಹಚ್ಚಿ ನೋಡಬೇಕು.

ಕರಡಚ್ಚನ್ನು, ಅಂದರೆ ಪ್ರೂಫನ್ನು, ಕಾಗದದ ಮೇಲೆ ತೆಗೆಸಿಯೇ ನೋಡತಕ್ಕದ್ದು. ಮೊಬೈಲಿನಲ್ಲಿ ಬರೆದು ಕಳಿಸಿದ ಕನ್ನಡವನ್ನು ಅಂಗಡಿಯವರು ತಮ್ಮ ಹಳೆಯ ಅಕ್ಷರಮಾದರಿಗೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪುವುದು, ಒತ್ತು ಕಳಚುವುದು ಉಂಟು. ಮನೆಯ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೈಬರಹದ ಪ್ರತಿಯೊಡನೆ ಹೋಲಿಸಬೇಕು. ವಾರವನ್ನೂ ತಾರೀಖನ್ನೂ ಪಂಚಾಂಗದಲ್ಲಿ ತಾಳೆ ನೋಡಬೇಕು. ಹೆಸರು ಬಿಟ್ಟುಹೋದ ದಾಯಾದಿಗಳನ್ನು ಸಮಾಧಾನಪಡಿಸುವುದು ಎಷ್ಟು ಕಷ್ಟವೆಂದು ನಾನು ಹೇಳಬೇಕಾಗಿಲ್ಲ.

ಕೆಲವು ಅಚ್ಚುಕೂಟಗಳಲ್ಲಿ ವಧೂವರರ ವಯಸ್ಸಿನ ದಾಖಲೆ ಕೇಳುತ್ತಾರೆ. ಬೇಸರ ಬೇಡ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ ಹೆಣ್ಣಿಗೆ 18, ಗಂಡಿಗೆ 21 ತುಂಬಿರಲೇಬೇಕು.

ನನ್ನನ್ನು ಕೇಳಿದ ರೈತರು ಮನೆಮನೆ ಪಟ್ಟಿ ಬರೆದು ನೋಡಿದಾಗ, 800 ಎಂದುಕೊಂಡಿದ್ದ ಸಂಖ್ಯೆ 460ಕ್ಕೆ ಇಳಿಯಿತು. ಪೇಟೆಯ ಗೆಳೆಯರಿಗೆ ಅದೇ ಪತ್ರಿಕೆಯ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರಂತೆ. ಆಮೇಲೆ 50 ಸಾಲದೆ ಬಂದರೆ ಮತ್ತೆ ಚೌಕಟ್ಟು ಕಟ್ಟಿಸುವ ಖರ್ಚು ಬೀಳುತ್ತದೆಂದು 500ಕ್ಕೆ ಹೇಳಿದರು. ತಿಳಿ ಹಳದಿ ಕಾರ್ಡು, ಕಡು ಕೆಂಪು ಅಕ್ಷರ, ಸ್ಕ್ರೀನ್ ಅಚ್ಚು. ಕರಡಚ್ಚು ಓದಿದ ಮಗಳು ಬೀಗರ ಊರಿನ ಹೆಸರಿನಲ್ಲಿ ಒತ್ತು ಬಿಟ್ಟಿದ್ದನ್ನು ಹಿಡಿದಳಂತೆ. ಮಣ್ಣಿನ ಮಾದರಿಯನ್ನು ಮಾತ್ರ ಅವರು ಇನ್ನೂ ಕಳಿಸಿಲ್ಲ.